ಹೋಗುವಾಗ ಏರು, ಬರುವಾಗ ಇಳಿಜಾರು

ಮಕ್ಕಳನ್ನು ಕಟ್ಟಿಕೊಂಡು ಬೆಟ್ಟದ ಹೊಳೆಯ ದಂಡೆಗೆ ಹೊರಟವರಿಗೆ ನಾನು ಮೊದಲು ಹೇಳುವುದು ಇಷ್ಟು: ನೀರು ಬರುವ ಕಡೆಗೆ ಹೋಗಿ, ನೀರಿನ ಜೊತೆ ವಾಪಸ್ ಬನ್ನಿ. ಇದನ್ನು ಕಲಿತದ್ದು ಹೆಗಲು ನೋಯಿಸಿಕೊಂಡು. ಮಗಳಿಗೆ ಆಗ ಐದು ವರ್ಷ. ಇಳಿಜಾರಿನಲ್ಲಿ ಮೂರು ಕಿಲೋಮೀಟರ್ ಕುಣಿಯುತ್ತಾ ಹೋದವಳು, ಮರಳುವ ಹೊತ್ತಿಗೆ ಬಂಡೆಯ ಮೇಲೆ ಕೂತು "ಅಪ್ಪಾ, ಎತ್ಕೋ" ಅಂದಳು. ಮುಂದಿನದೆಲ್ಲ ಏರು, ಅವಳು ನನ್ನ ಹೆಗಲ ಮೇಲೆ.

ಎಷ್ಟು ದೂರ ಹೋಗಬಹುದು? ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇವತ್ತಿಗೂ ಚಾಲ್ತಿಯಲ್ಲಿದೆ: ಗಂಟೆಗೆ ಸುಮಾರು 5 ಕಿ.ಮೀ., ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿ ಕಾಲಿನ ದೊಡ್ಡವರ ಲೆಕ್ಕ. ಹೋಗಿಬರಲು 6 ಕಿ.ಮೀ., 100 ಮೀಟರ್ ಏರು ಇದ್ದರೆ ಅದರ ಪ್ರಕಾರ ಒಂದೂವರೆ ಗಂಟೆಯೂ ಬೇಡ. ನಾನು ಅದನ್ನು ದುಪ್ಪಟ್ಟು ಮಾಡಿ, ನೀರಾಟಕ್ಕೆ ಎರಡು ಗಂಟೆ ಸೇರಿಸುತ್ತೇನೆ. ಬಹುತೇಕ ಐದು ಗಂಟೆ ಆಯಿತು. ಮೊದಲ ಸಲಕ್ಕೆ ಅದಕ್ಕಿಂತ ಹೆಚ್ಚಿನ ದಾರಿ ಬೇಡ.

ಸೈಕಲ್ಲಾದರೆ ಹಳೇ ರೈಲು ಹಳಿ ತೆಗೆದು ಮಾಡಿದ ದಾರಿ ಸಿಕ್ಕರೆ ಕಣ್ಣುಮುಚ್ಚಿ ಆರಿಸಿಕೊಳ್ಳಿ. ರೈಲು ಕಡಿದಾದ ಏರು ಹತ್ತಲಾರದು, ಹಾಗಾಗಿ ಆ ದಾರಿಗಳು ಮಕ್ಕಳ ಕಾಲಿಗೂ ಹಿತ. ಆದರೆ ಬೆಟ್ಟದ ಕಣಿವೆಯ ಗಾಳಿಗೊಂದು ಚಾಳಿ ಇದೆ. ಬಿಸಿಲಿಗೆ ಇಳಿಜಾರುಗಳು ಕಾದಂತೆ ಗಾಳಿ ಕಣಿವೆಯಲ್ಲಿ ಮೇಲ್ಮುಖವಾಗಿ ಬೀಸತೊಡಗುತ್ತದೆ, ಮಧ್ಯಾಹ್ನ ಜೋರು. ಇಳಿಜಾರಲ್ಲೂ ಪೆಡಲ್ ತುಳಿಯಬೇಕಾಗಿ ಬಂದು ಮಕ್ಕಳು ಮುಖ ಊದಿಸಿಕೊಳ್ಳುವುದು ಆಗಲೇ. ಬೆಳಿಗ್ಗೆ ಬೇಗ ಹೊರಡಿ. ಹೊಳೆಯ ಸದ್ದಿನಲ್ಲಿ ಬೆಲ್ಲೂ ಕೇಳಿಸದು, ಕೂಗಿದ್ದೂ ಕೇಳಿಸದು. ಹಾಗಾಗಿ ಎಲ್ಲರಿಗಿಂತ ಚಿಕ್ಕವರು ಮುಂದೆ, ದೊಡ್ಡವರೊಬ್ಬರು ಕೊನೆಗೆ, ಕೊರಳಲ್ಲೊಂದು ಸೀಟಿ.

ಇನ್ನು ಎಲ್ಲಿ ನಿಲ್ಲಬೇಕು ಅನ್ನುವುದು. ಮಕ್ಕಳಿಗೆ ದಾರಿಗಿಂತ ನಿಲ್ಲುವ ಜಾಗವೇ ಪ್ರವಾಸ. ಹೊಳೆ ತಿರುಗುವಲ್ಲಿ ನೋಡಿ: ತಿರುವಿನ ಹೊರಮಗ್ಗುಲನ್ನು ನೀರು ಕೊರೆಯುತ್ತದೆ, ಅಲ್ಲಿ ಆಳ, ದಂಡೆಯ ಕೆಳಗೆ ಪೊಳ್ಳು. ಒಳಮಗ್ಗುಲಲ್ಲಿ ನೀರು ನಿಧಾನ, ಮರಳು-ನೊರಜುಗಲ್ಲು ಬಿಟ್ಟುಹೋಗುತ್ತದೆ. ಚೀಲ ಇಳಿಸಬೇಕಾದ್ದು ಅಲ್ಲಿ. ಅಂಚಿನ ನೀರಲ್ಲಿ ಅಂಗೈಯಗಲದ ಕಲ್ಲೊಂದನ್ನು ಮೆಲ್ಲಗೆ ಮಗುಚಿ. ಅಡಿಯಲ್ಲಿ ಅರ್ಧ ಬೆರಳುದ್ದದ ಕೊಳವೆ ಅಂಟಿಕೊಂಡಿರಬಹುದು. ಕ್ಯಾಡಿಸ್ ನೊಣದ ಮರಿಹುಳ ತನ್ನ ಬಾಯಿಂದ ಬರುವ ರೇಷ್ಮೆಯಲ್ಲಿ ಮರಳಿನ ಕಣಗಳನ್ನು ಒಂದೊಂದಾಗಿ ಜೋಡಿಸಿ ಕಟ್ಟಿಕೊಂಡ ಮನೆ ಅದು. ಮಗಳು ಅದರ ಮುಂದೆ ಇಪ್ಪತ್ತು ನಿಮಿಷ ಕುಕ್ಕರಗಾಲಲ್ಲಿ ಕೂತಿದ್ದಳು. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೇ ಇಡಿಸಿ.

ಕೂತ ಕೂಡಲೇ ನಾನೊಂದು ಕೆಲಸ ಮಾಡುತ್ತೇನೆ: ನೀರಿನ ಅಂಚಿಗೆ ಸರಿಯಾಗಿ ಬಿಳಿಗಲ್ಲೊಂದನ್ನು ಇಡುತ್ತೇನೆ. ಆಗಾಗ ಅದರತ್ತ ಒಂದು ಕಣ್ಣು. ಕಲ್ಲು ಮುಳುಗಿದರೆ, ತಿಳಿನೀರು ಕೆಂಪಾದರೆ, ಎಲೆ-ಕಡ್ಡಿ ತೇಲಿಬರತೊಡಗಿದರೆ ಚಪ್ಪಲಿ ಹುಡುಕುತ್ತಾ ನಿಲ್ಲಬೇಡಿ, ಮಕ್ಕಳನ್ನು ಎತ್ತಿಕೊಂಡು ಮೇಲೇರಿ. ನಿಮ್ಮ ತಲೆ ಮೇಲೆ ಬಿಸಿಲಿದ್ದಾಗಲೇ ಮೇಲೆಲ್ಲೋ ಮಳೆ ಸುರಿದಿರುತ್ತದೆ. ಹಿಮ ಕರಗಿ ಹರಿಯುವ ಹೊಳೆಗಳು ಮಳೆಯಿಲ್ಲದೆಯೂ ಮಧ್ಯಾಹ್ನದ ನಂತರ ಏರುತ್ತವೆ. ಮೇಲೆ ಅಣೆಕಟ್ಟು ಇರುವ ಕಡೆ ನೀರಿಗೇ ಇಳಿಸಬೇಡಿ. ಮೊಣಕಾಲುದ್ದದ ಸೆಳೆತ ದೊಡ್ಡವರನ್ನೂ ಉರುಳಿಸಬಲ್ಲದು. ನಡುವಿನ ಬಂಡೆ ಮೇಲೆ ನಿಂತು ಫೋಟೋ ಅಂತೂ ಬೇಡವೇ ಬೇಡ.

ಹೊಳೆ ನೀರು ಎಷ್ಟೇ ತಿಳಿಯಾಗಿರಲಿ, ಹಾಗೇ ಕುಡಿಯಬೇಡಿ. ಕುಡಿಯಲೇಬೇಕಾದರೆ ಕೊತಕೊತ ಒಂದು ನಿಮಿಷ ಕುದಿಸಿ, 2000 ಮೀಟರಿಗಿಂತ ಮೇಲಿದ್ದರೆ ಮೂರು ನಿಮಿಷ. ಒಣ ಕಾಲುಚೀಲ ತಲೆಗೊಂದು ಜೊತೆ. ಕಣಿವೆಯಲ್ಲಿ ಸೂರ್ಯ ಬೇಗ ಬೆಟ್ಟದ ಹಿಂದೆ ಸರಿದು ಚಳಿ ಥಟ್ಟನೆ ಇಳಿಯುತ್ತದೆ.

ಹೊರಡಿಸುವುದೇ ಕಷ್ಟದ ಕೆಲಸ. "ಇನ್ನೈದು ನಿಮಿಷ" ಅನ್ನುವುದು ಮಕ್ಕಳಿಗೆ ಅರ್ಥವಾಗದು. ನಾನು "ಇನ್ನೈದು ಕಲ್ಲು" ಅನ್ನುತ್ತೇನೆ. ನಾಲ್ಕನ್ನು ಪಟಪಟ ಎಸೆಯುತ್ತಾಳೆ. ಐದನೆಯದಕ್ಕೆ ಎರಡು ಕೈಯಲ್ಲೂ ಎತ್ತಲಾಗದ್ದನ್ನೇ ಹುಡುಕುತ್ತಾಳೆ. ಅದಕ್ಕೂ ಹತ್ತು ನಿಮಿಷ ಲೆಕ್ಕದಲ್ಲಿಟ್ಟುಕೊಂಡಿರಿ.