ಅಗ್ಗದ ವಾಕಿಟಾಕಿಯ ಗಟ್ಟಿತನವನ್ನು ಪರೀಕ್ಷಿಸುವ ಬಗೆ

ಊರಜಾತ್ರೆಯ ಸ್ವಯಂಸೇವಕರಿಗೋ, ಮಂಡ್ಯದ ಕಡೆ ಕಬ್ಬಿನ ಕಟಾವಿನ ಉಸ್ತುವಾರಿಗೋ ವಾಕಿಟಾಕಿ ಕೊಳ್ಳುವವರು ಸಾಮಾನ್ಯವಾಗಿ ಪೆಟ್ಟಿಗೆಯ ಮೇಲೆ ಬರೆದಿರುವ ಕಿಲೋಮೀಟರುಗಳನ್ನೇ ಮೊದಲು ನೋಡುತ್ತಾರೆ. ಆ ಲೆಕ್ಕ ಅಡೆತಡೆಯಿಲ್ಲದ ಬಯಲಿಗೆ ಸೇರಿದ್ದು; ಚಾಮುಂಡಿ ಬೆಟ್ಟದ ಮೇಲೆ ನಿಂತರೆ ಕಳಪೆ ಸೆಟ್ಟೂ ದೂರಕ್ಕೆ ಕೇಳಿಸುತ್ತದೆ. ಸೆಟ್ಟು ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ತಿಳಿಯಲು ಅದರ ಜೋಡಣೆಗಳನ್ನು ನೋಡಬೇಕು.

ಮೊದಲು ಬ್ಯಾಟರಿಯನ್ನು ಕಳಚಿ ಹಿಂಬದಿಯನ್ನು ನೋಡಿ. ಅಲ್ಲಿ ಎರಕದ ಅಲ್ಯೂಮಿನಿಯಂ ಬೆನ್ನು ಕಂಡರೆ ಒಳ್ಳೆಯದು, ಏಕೆಂದರೆ ಮಾತನಾಡುವಾಗ ಹುಟ್ಟುವ ಬಿಸಿಯನ್ನು ಹೀರಿಕೊಳ್ಳುವುದೂ, ಒಳಗಿನ ಸರ್ಕ್ಯೂಟ್ ಹಲಗೆಯನ್ನು ಅಲುಗದಂತೆ ಹಿಡಿಯುವುದೂ ಅದೇ. ಬ್ಯಾಟರಿಯನ್ನು ಮತ್ತೆ ಕೂರಿಸಿ, ಸೆಟ್ಟನ್ನು ಚಾಲೂ ಮಾಡಿ, ಅಂಗೈಗೆ ನಾಲ್ಕಾರು ಬಾರಿ ತಟ್ಟಿರಿ. ಆರಿ ಹತ್ತಿದರೆ ಕೊಕ್ಕೆಯೋ ಸಂಪರ್ಕದ ತಗಡೋ ಸಡಿಲವಾಗಿದೆ ಎಂದರ್ಥ. ಅಳತೆಯೂ ತೂಕವೂ ಬೇರೆ ಬ್ಯಾಟರಿಗಳಷ್ಟೇ ಇದ್ದು, ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಲೆಕ್ಕ) ಮಾತ್ರ ಇಮ್ಮಡಿ ಎಂದು ಬರೆದಿರುವ ಬ್ಯಾಟರಿಯನ್ನು ನಂಬಬೇಡಿ. ಮನೆಯಲ್ಲಿ ವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದರೆ, ಪೂರ್ತಿ ಚಾರ್ಜ್ ಆದ 7.4 ವೋಲ್ಟಿನ ಲಿಥಿಯಂ ಬ್ಯಾಟರಿ ಸುಮಾರು 8.4 ವೋಲ್ಟ್, 3.7 ವೋಲ್ಟಿನದು ಸುಮಾರು 4.2 ವೋಲ್ಟ್ ತೋರಿಸಬೇಕು. ಒಂದು ರಾತ್ರಿ ಸುಮ್ಮನೆ ಇಟ್ಟಾಗಲೇ ಗಮನಾರ್ಹವಾಗಿ ಇಳಿದರೆ ಹಿಂದಿರುಗಿಸಿ.

ಆಂಟೆನಾ ತಿರುಪಿನದಾದರೆ, ಎಳೆಗಳು ತಡವರಿಸದೆ ಕೂಡಬೇಕು, ನಡುವಿನ ಸೂಜಿ ನೇರವಾಗಿರಬೇಕು, ಬಿಗಿಗೊಳಿಸಿದ ಮೇಲೆ ಬುಡ ಅಲುಗಬಾರದು. ಆಂಟೆನಾವನ್ನೇ ಹಿಡಿದು ಸೆಟ್ಟನ್ನು ಎತ್ತುವ ಅಭ್ಯಾಸದಿಂದ ಒಳಗಿನ ಬೆಸುಗೆ ಬಿಡುತ್ತದೆ. ಆಂಟೆನಾ ಇಲ್ಲದೆ ಮಾತಾಡುವ ಗುಂಡಿಯನ್ನು ಒತ್ತಲೇಬಾರದು. ಶಕ್ತಿ ಹೊರಹೋಗಲಾರದೆ ಒಳಗಿನ ಟ್ರಾನ್ಸಿಸ್ಟರ್ ಸುಡಬಹುದು.

ದಿನಕ್ಕೆ ನೂರಾರು ಬಾರಿ ಒತ್ತುವ ಆ ಗುಂಡಿಯ ಮೇಲ್ತುದಿ, ನಡು, ಕೆಳತುದಿ ಮೂರನ್ನೂ ಒತ್ತಿ ನೋಡಿ. ಎಲ್ಲಿ ಒತ್ತಿದರೂ ಒಂದೇ ಬಗೆಯಲ್ಲಿ ಟಕ್ಕೆನ್ನಬೇಕು. ಧ್ವನಿಯ ತಿರುಗುಬಿರಡೆ ಹೊಸದರಲ್ಲೇ ಕರಕರ ಎಂದರೆ ಮುಂದೆ ಹೆಚ್ಚುವುದೇ ಹೊರತು ತಗ್ಗುವುದಿಲ್ಲ.

ನೀರು ತಡೆಯುತ್ತದೆ ಎಂಬ ಬರಿಯ ಮಾತಿಗೆ ಬೆಲೆಯಿಲ್ಲ, ದೂಳನ್ನೂ ನೀರನ್ನೂ ಎಷ್ಟರಮಟ್ಟಿಗೆ ತಡೆಯುತ್ತದೆ ಎಂದು ಹೇಳುವ ಐಪಿ ಸಂಖ್ಯೆ ಬೇಕು. ಐಪಿ 54 ಎಂದರೆ ಚಿಮುಕುವ ನೀರನ್ನು ತಡೆಯುತ್ತದೆಯೇ ಹೊರತು ನಾಲೆಗೆ ಬಿದ್ದರೆ ಉಳಿಯುತ್ತದೆ ಎಂದಲ್ಲ. ಇಯರ್‌ಫೋನ್ ರಂಧ್ರದ ರಬ್ಬರ್ ಮುಚ್ಚಳ ತಾನಾಗಿ ತೆರೆದುಕೊಳ್ಳುವಂತಿದ್ದರೆ ಆ ಸಂಖ್ಯೆಯೂ ವ್ಯರ್ಥ.

ಕೊನೆಯ ಪರೀಕ್ಷೆಯನ್ನು ಬಳಸುವ ಜಾಗದಲ್ಲೇ ಮಾಡಬೇಕು, ಏಕೆಂದರೆ ಆಳೆತ್ತರ ಮೀರಿ ಬೆಳೆದ ಒದ್ದೆ ಕಬ್ಬು ಅಲೆಗಳನ್ನು ಚೆನ್ನಾಗಿಯೇ ನುಂಗುತ್ತದೆ. ಕೇಂದ್ರ ಸರ್ಕಾರದ 2018ರ ನಿಯಮದಂತೆ 446.0ರಿಂದ 446.2 ಮೆಗಾಹರ್ಟ್ಸ್ ತರಂಗಪಟ್ಟಿಯ ಕಡಿಮೆ ಶಕ್ತಿಯ ಸೆಟ್ಟುಗಳಿಗೆ ಪರವಾನಗಿ ಬೇಡವಾದರೂ, ನೀವು ಕೊಳ್ಳುವ ಮಾದರಿಗೆ ಸರ್ಕಾರ ಕೊಡುವ ಇಟಿಎ ಅನುಮೋದನೆ ಇದೆಯೇ ಎಂದು ಕೇಳಿಕೊಳ್ಳಿ. ಹತ್ತು ಸೆಟ್ಟು ಬೇಕಿದ್ದರೂ ಮೊದಲು ಎರಡನ್ನು ತಂದು ಒಂದು ವಾರ ದುಡಿಸಿ. ಬಿಡಿ ಬ್ಯಾಟರಿ ಸಿಗದ ಮಾದರಿಯನ್ನು, ಮಿಕ್ಕೆಲ್ಲ ಸರಿಯಿದ್ದರೂ, ನಾನು ಕೊಳ್ಳುವುದಿಲ್ಲ.