ಡಯಾಪ್ಟೇಸ್ ಹರಳನ್ನು ನಾನು ಕಲ್ಲಿನಿಂದ ಬಿಡಿಸಿದ್ದು ಹೀಗೆ

ನನ್ನ ಹತ್ತಿರ ಇರುವ ತುಂಡು ನಮೀಬಿಯಾದ ತ್ಸುಮೆಬ್ ಗಣಿಯದ್ದು. ಬಿಳಿ ಕ್ಯಾಲ್ಸೈಟ್ (ಸುಣ್ಣಕಲ್ಲಿನಲ್ಲಿರುವ ಮೆದು ಖನಿಜ) ಒಳಗೆ ಅರ್ಧ ಹೂತುಕೊಂಡ ಕಡು ಹಸಿರು ಹರಳುಗಳು. ನೋಡಿದವರೆಲ್ಲ ಪಚ್ಚೆಯಾ ಅಂತ ಕೇಳುತ್ತಾರೆ. ಅಲ್ಲ, ಇದು ಡಯಾಪ್ಟೇಸ್: ತಾಮ್ರದ ಸಿಲಿಕೇಟ್, ಅಂದರೆ ತಾಮ್ರ, ಸಿಲಿಕಾನ್, ಆಮ್ಲಜನಕ ಸೇರಿದ ಖನಿಜ, ಜೊತೆಗೆ ಒಂದಿಷ್ಟು ನೀರು. ತಾಮ್ರದ ಅದಿರಿನ ಮೇಲ್ಪದರ ಗಾಳಿ, ನೀರು ತಾಗಿ ಬದಲಾಗುವಾಗ, ಅದೂ ಹೆಚ್ಚಾಗಿ ಒಣ ಪ್ರದೇಶಗಳಲ್ಲಿ, ಇದು ಹುಟ್ಟುತ್ತದೆ.

ಹರಳನ್ನು ಪೂರ್ತಿ ಹೊರಗೆ ತರಬೇಕು ಅನ್ನೋದು ನನ್ನ ಆಸೆ. ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದರೆ ಕ್ಯಾಲ್ಸೈಟ್ ಬೇಗ ಕರಗುತ್ತದೆ, ಆದರೆ ಡಯಾಪ್ಟೇಸನ್ನೂ ಬಿಡುವುದಿಲ್ಲ. ಹಾಗಾಗಿ ಕೈಯಲ್ಲೇ ಕೆರೆಯಲು ಕೂತೆ. ವಜ್ರಕ್ಕೆ 10 ಕೊಡುವ ಮೋಸ್ ಅಳತೆಯಲ್ಲಿ ಕ್ಯಾಲ್ಸೈಟ್ ಗಡಸುತನ 3, ಡಯಾಪ್ಟೇಸ್‌ದು 5. ನಡುವೆ ಅಂತರ ಕಡಿಮೆ. ಮೊದಲ ದಿನ ಉಕ್ಕಿನ ಸೂಜಿ ಹಿಡಿದಿದ್ದೆ. ಸ್ವಲ್ಪ ಒತ್ತಿದ್ದಕ್ಕೆ ತುದಿಯ ಒಂದು ಹರಳು ಟಕ್ ಅಂತ ಸೀಳಿ ಕೈಗೆ ಬಂತು. ತುಂಬಾ ಬೇಜಾರಾಯಿತು. ಆಮೇಲೆ ಹಿತ್ತಾಳೆ ಕಡ್ಡಿ ಹಿಡಿದೆ. ಲೆನ್ಸ್ ಕೆಳಗೆ, ಹರಳಿನ ಕಡೆಗಲ್ಲ, ಅದರಿಂದ ಹೊರಗಿನ ಕಡೆಗೆ ಕೆರೆಯಬೇಕು. ವಾರಗಟ್ಟಲೆ ಹಿಡಿಯಿತು.

ಸೀಳಿದ ಹರಳನ್ನು ಬೆಳಕಿಗೆ ಹಿಡಿದಾಗ ಒಳಗೆ ಹೊಳೆಯುವ ತೆಳು ಪದರಗಳು ಕಂಡವು. ಇದು ಮೂರು ದಿಕ್ಕಿನಲ್ಲಿ ಸಲೀಸಾಗಿ ಸೀಳುವ ಖನಿಜ. 18ನೇ ಶತಮಾನದ ಕೊನೆಗೆ ಕಝಾಕಿಸ್ತಾನದಲ್ಲಿ ಸಿಕ್ಕಿದ ಹರಳುಗಳನ್ನು ಪಚ್ಚೆ ಅಂತಲೇ ನಂಬಿದ್ದರು. ಅದು ಬೇರೆಯೇ ಅಂತ ತೋರಿಸಿ 1797ರಲ್ಲಿ ಹೆಸರಿಟ್ಟವರು ಫ್ರಾನ್ಸಿನ ಖನಿಜ ವಿಜ್ಞಾನಿ ರೆನೆ ಜಸ್ಟ್ ಹೌಯಿ. ಗ್ರೀಕಿನಲ್ಲಿ ಆ ಹೆಸರಿಗೆ 'ಒಳಗೆ ಹಾಯ್ದು ಕಾಣುವುದು' ಅಂತ ಅರ್ಥ. ಅವರು ನೋಡಿದ್ದೂ ಈ ಪದರಗಳನ್ನೇ ಅಲ್ವಾ!

ಬಿಡಿ ಹರಳು ಸಿಕ್ಕಿದ್ದರಿಂದ ಸಾಂದ್ರತೆಯನ್ನೂ ಅಳೆದೆ. ಅಂಟಿದ್ದ ಕ್ಯಾಲ್ಸೈಟನ್ನೆಲ್ಲ ಮೊದಲು ತೆಗೆದೆ, ಇಲ್ಲದಿದ್ದರೆ ಲೆಕ್ಕ ಕಡಿಮೆ ಬರುತ್ತದೆ. ಹರಳಿನ ತೂಕ 1.65 ಗ್ರಾಂ. ನೀರಿನ ಲೋಟವನ್ನು ಡಿಜಿಟಲ್ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿಕೊಂಡೆ. ತೆಳು ದಾರ ಕಟ್ಟಿ ಹರಳನ್ನು ತಳಕ್ಕೆ ತಾಗದಂತೆ ಮುಳುಗಿಸಿದೆ. ಆಗ ತಕ್ಕಡಿ ತೋರಿಸುವುದು ಹರಳು ಸರಿಸಿದ ನೀರಿನ ತೂಕ. ಮೊದಲ ಸಲ 0.54 ಗ್ರಾಂ ತೋರಿಸಿತು. ಲೆನ್ಸಲ್ಲಿ ನೋಡಿದರೆ ಒಂದು ಗಾಳಿಗುಳ್ಳೆ ಅಂಟಿಕೊಂಡಿತ್ತು. ಬ್ರಷ್‌ನಿಂದ ತಟ್ಟಿ ಬಿಡಿಸಿದ ಮೇಲೆ 0.50ಕ್ಕೆ ನಿಂತಿತು. ಹರಳಿನ ತೂಕವನ್ನು ಅದರಿಂದ ಭಾಗಿಸಿದರೆ 3.3, ಅಂದರೆ ನೀರಿಗಿಂತ ಅಷ್ಟು ಪಟ್ಟು ಸಾಂದ್ರ. ಪಚ್ಚೆಯಾಗಿದ್ದರೆ 2.7ರ ಆಸುಪಾಸು, ಇನ್ನೊಂದು ಹಸಿರು ತಾಮ್ರದ ಖನಿಜ ಮ್ಯಾಲಕೈಟ್ ಆಗಿದ್ದರೆ 4ರ ಹತ್ತಿರ ಬರಬೇಕಿತ್ತು.

ಆ ಸೀಳಿದ ಹರಳನ್ನು ಅಂಟಿಸಲಿಲ್ಲ. ಹತ್ತಿ ಹಾಸಿದ ಪುಟ್ಟ ಡಬ್ಬಿಯಲ್ಲಿ, ತೂಕ ಬರೆದ ಚೀಟಿ ಜೊತೆ, ದೊಡ್ಡ ತುಂಡಿನ ಪಕ್ಕದಲ್ಲೇ ಇಟ್ಟಿದ್ದೇನೆ.