ನಮ್ಮೂರಿನ ಸಾಹಸ ಬರೆದು ಮಾರೋದು ಹೇಗೆ? ಮೊದಲು ಲೈಸೆನ್ಸ್ ನೋಡಿ

ಬೀದರ್‌ನ ನೌಬಾದ್ ಹತ್ತಿರ ಬಹಮನಿ ಕಾಲದ ಕರೇಜ್ ಇದೆ. ನೆಲದ ಕೆಳಗೆ ನೀರು ಹರಿಯುವ ಸುರಂಗ, ಮೇಲಿಂದ ಅದಕ್ಕೆ ಸಾಲಾಗಿ ಇಳಿಯುವ ಬಾವಿಗಳು. ಇದಕ್ಕಿಂತ ಒಳ್ಳೆಯ ಡಂಜನ್, ಅಂದರೆ ಸಾಹಸದ ಆಟಕ್ಕೆ ನೆಲದಡಿಯ ಜಾಗ, ಬೇಕಾ? ಅಲ್ಲಿ ನಡೆಯುವ ಸಾಹಸವೊಂದನ್ನು, ಅಂದರೆ ಆಟಗಾರರು ಆಡುವ ಕಥೆಯನ್ನು ಬರೆದು, ಕೂತು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ನಿಯಮಗಳಿಗೆ ಹೊಂದಿಸಿ, ಪಿಡಿಎಫ್ ಮಾಡಿ ಮಾರಬಹುದು. ಕಂಪನಿಯನ್ನು ಕೇಳೋದೂ ಬೇಡ, ದುಡ್ಡು ಕಟ್ಟೋದೂ ಬೇಡ.

ಆದರೆ ನಿಯಮಗಳನ್ನು ಅಂಗಡಿಯಲ್ಲಿ ಸಿಗುವ ದಪ್ಪ ಪುಸ್ತಕದಿಂದ ಎತ್ತಬೇಡಿ. ಆಟದ ಮೂಲ ನಿಯಮಗಳಿರುವ ಎಸ್‌ಆರ್‌ಡಿ ಅನ್ನೋ ಪಿಡಿಎಫ್ ಉಚಿತವಾಗಿ ಸಿಗುತ್ತದೆ, ಅದನ್ನೇ ಇಳಿಸಿಕೊಳ್ಳಿ. ಈ ಆಟದ ಒಡೆತನವಿರುವ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ, ಬೇರೆಯವರೂ ನಿಯಮಗಳನ್ನು ಬಳಸಲು ಬಿಡುವ, 2000ದಿಂದ ನಡೆದು ಬಂದಿದ್ದ ಓಜಿಎಲ್ ಲೈಸೆನ್ಸನ್ನು ಬದಲಿಸಲು ಹೊರಟಾಗ ಆಟಗಾರರೂ ಪ್ರಕಾಶಕರೂ ತಿರುಗಿಬಿದ್ದರು, ಕೊನೆಗೆ 2023ರ ಜನವರಿಯಲ್ಲಿ ಎಸ್‌ಆರ್‌ಡಿಯ 5.1 ಆವೃತ್ತಿ, ಮೂಲದವರ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬಿವೈ 4.0 ಲೈಸೆನ್ಸ್ ಅಡಿಯಲ್ಲಿ ಬಂತು. 2025ರಲ್ಲಿ 5.2 ಕೂಡ ಹಾಗೇ ಬಂತು. ಷರತ್ತು ಪಾಲಿಸುವ ತನಕ ಈ ಲೈಸೆನ್ಸನ್ನು ವಾಪಸ್ ಪಡೆಯೋಕೆ ಆಗಲ್ಲ. ಹೊಸಬರು ಸುಮ್ನೆ ಇದನ್ನೇ ಹಿಡಿಯಿರಿ, ಓಜಿಎಲ್ ಗೊಡವೆ ಬೇಡ.

ನಮಗೆ ಇನ್ನೊಂದು ಲಾಭವೂ ಇದೆ. ಎಸ್‌ಆರ್‌ಡಿಯನ್ನು ಕನ್ನಡಕ್ಕೆ ತರಬಹುದು, ಅದನ್ನೂ ಮಾರಬಹುದು! ಬದಲಾವಣೆ ಮಾಡಿದ್ದೀರಿ ಅಂತ ಹೇಳಿದರೆ ಸಾಕು. ನಿಮ್ಮ ಕಥೆ, ನಿಮ್ಮ ಪಾತ್ರಗಳನ್ನು ಬಿಟ್ಟಿ ಹಂಚಬೇಕು ಅಂತ ಈ ಲೈಸೆನ್ಸ್ ಹೇಳಲ್ಲ, ಅವು ನಿಮ್ಮವೇ.

ಏನೇ ಬರೆದರೂ ಮಾಡಲೇಬೇಕಾದ ಕೆಲಸ ಒಂದಿದೆ. ಕೃತಜ್ಞತೆಯ ಸಾಲು ಹೇಗಿರಬೇಕು ಅಂತ ಎಸ್‌ಆರ್‌ಡಿಯ ಮೊದಲ ಪುಟದಲ್ಲೇ ಕೊಟ್ಟಿದ್ದಾರೆ, ಅದನ್ನು ಅಕ್ಷರ ಬದಲಿಸದೆ ನಿಮ್ಮ ಪುಸ್ತಕಕ್ಕೆ ಹಾಕಿ. ಮುಖಪುಟದಲ್ಲಿ ಅವರ ಲೋಗೋ ಬೇಡ, 'ಐದನೇ ಆವೃತ್ತಿಗೆ ಹೊಂದುತ್ತದೆ' ಅಂದರೆ ಸಾಕು. ಸುರಂಗದಲ್ಲಿ ಗಾಬ್ಲಿನ್ ಅನ್ನೋ ಕುಳ್ಳ ರಾಕ್ಷಸ ಇರಲಿ, ಫೈರ್‌ಬಾಲ್ ಅನ್ನೋ ಬೆಂಕಿ ಮಂತ್ರ ಹಾರಲಿ, ಎರಡೂ ಎಸ್‌ಆರ್‌ಡಿಯಲ್ಲಿವೆ. ಬಿಹೋಲ್ಡರ್ ಅನ್ನೋ ಹಲವು ಕಣ್ಣಿನ ರಾಕ್ಷಸ ಮಾತ್ರ ಬೇಡ, ಅದನ್ನು ಕಂಪನಿ ತನ್ನ ಹತ್ತಿರವೇ ಇಟ್ಟುಕೊಂಡಿದೆ. ಅದರ ಬದಲು ಬಾವಿಯೊಳಗಿನ ದೆವ್ವವನ್ನು ನೀವೇ ಕಟ್ಟಿ, ನಮ್ಮ ಕಡೆ ದೆವ್ವದ ಕಥೆಗೆ ಬರ ಇಲ್ಲ ಅಲ್ವಾ?

ಚಿತ್ರದ ವಿಷಯದಲ್ಲೇ ಜಾಸ್ತಿ ಜನ ಎಡವುತ್ತಾರೆ. ಕರೇಜ್ ಹಳೆಯದಾದರೂ ನೆಟ್‌ನಲ್ಲಿರುವ ಅದರ ಫೋಟೋ ಹಳೆಯದಲ್ಲ, ಅದರ ಹಕ್ಕು ತೆಗೆದವರದ್ದು. ನೌಬಾದ್‌ಗೆ ಹೋಗಿ ನೀವೇ ತೆಗೆಯಿರಿ, ಇಲ್ಲವೇ ಚಿತ್ರ ಬರೆಯುವ ಗೆಳೆಯರಿಗೆ ದುಡ್ಡು ಕೊಟ್ಟು ಬರೆಸಿ, ಮಾತಾಡಿಕೊಂಡಿದ್ದನ್ನು ಕಾಗದದ ಮೇಲೆ ಹಾಕಿ.

ಇಂಥ ಸಾಹಸಗಳನ್ನು ಮಾರುವ ಡಿಎಂಸ್ ಗಿಲ್ಡ್ ಅನ್ನೋ ಜಾಲತಾಣ ಇದೆ, 2016ರಲ್ಲಿ ಶುರುವಾಯಿತು. ಅಲ್ಲಿ ಕಂಪನಿಯ ಫರ್ಗಾಟನ್ ರೆಲ್ಮ್ಸ್ ಅನ್ನೋ ಕಲ್ಪಿತ ಜಗತ್ತನ್ನೂ ಬಳಸಬಹುದು, ಆದರೆ ಬೆಲೆಯ ಅರ್ಧ ಮಾತ್ರ ನಿಮಗೆ. ಅಲ್ಲಿ ಹಾಕಿದ್ದನ್ನು ಬೇರೆ ಕಡೆ ಮಾರುವಂತಿಲ್ಲ, ಕಲಬುರಗಿಯ ಪುಸ್ತಕ ಮಳಿಗೆಯಲ್ಲೂ ಇಲ್ಲ. ಬೀದರ್ ಕಥೆಗೆ ಫರ್ಗಾಟನ್ ರೆಲ್ಮ್ಸ್ ಯಾಕೆ ಬೇಕು ಹೇಳಿ?